ಹೊನಗೊನ್ನೆ: ಮನೆಗೆ ಸೊಪ್ಪು, ಗದ್ದೆಗೆ ಕಳೆ

ಬೇಡದ ಸ್ಥಳದಲ್ಲಿ ಬೆಳೆದ ಸಸ್ಯವೇ ಕಳೆ ಎಂಬುದು ಬೇಸಾಯ ಶಾಸ್ತ್ರದ ಮೊದಲ ಪಾಠ. ಈ ಮಾತಿಗೆ ಹೊನಗೊನ್ನೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಭತ್ತದ ನಾಟಿಯಾದ ಮೂರನೆಯ ವಾರದಲ್ಲಿ ಗದ್ದೆಗೆ ಇಳಿದ ಹೆಣ್ಣಾಳುಗಳು ಇದನ್ನು ಕಳೆಯೆಂದು ಕಿತ್ತು ಬದುವಿನ ಮೇಲೆ ಎಸೆಯುತ್ತಾರೆ. ಸಂಜೆ ಮನೆಗೆ ಹೊರಡುವಾಗ ಅದೇ ಬದುವಿನಲ್ಲಿ ಅದರ ಎಳೆಯ ಕುಡಿಗಳನ್ನು ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಹಗಲು ಕಳೆಯಾಗಿದ್ದದ್ದು ರಾತ್ರಿ ಮುದ್ದೆಯ ಜೊತೆಗೆ ಸಾರಾಗುತ್ತದೆ.

ಇಲ್ಲಿಯವರೆಗೆ ಇದರಿಂದ ಯಾರಿಗೂ ದೊಡ್ಡ ತೊಂದರೆ ಇರಲಿಲ್ಲ. ಆದರೆ ಈಗ ಎರಡು ಸಂಗತಿಗಳು ಸೇರಿಕೊಂಡಿವೆ. ಹೊನಗೊನ್ನೆಯನ್ನೇ ಹೋಲುವ ಅದರ ಹತ್ತಿರದ ಸಂಬಂಧಿಯೊಂದು ಹೊರದೇಶದಿಂದ ಬಂದು ನಮ್ಮ ಕೆರೆ ಕಾಲುವೆಗಳಲ್ಲಿ ನೆಲೆಯೂರಿದೆ. ಅಲ್ಲದೆ, ಪಟ್ಟಣಗಳ ಸುತ್ತಲಿನ ಅನೇಕ ಕೆರೆಗಳ ನೀರು ಮೊದಲಿನಂತೆ ಶುದ್ಧವಾಗಿ ಉಳಿದಿಲ್ಲ. ಆದುದರಿಂದ ಸೊಪ್ಪನ್ನು ಕೊಯ್ಯುವವರು, ಕೊಳ್ಳುವವರು ಮತ್ತು ನೆಡುವವರು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದು ಯಾವ ಗಿಡ? ಇದು ಬೆಳೆದದ್ದು ಎಲ್ಲಿ?

ಸಸ್ಯದ ಪರಿಚಯ

ಹೊನಗೊನ್ನೆಯನ್ನು ಕೆಲವು ಕಡೆ ಹೊನಗೊನೆ, ಹೊನ್ನಗೊನ್ನೆ ಎಂದೂ ಕರೆಯುತ್ತಾರೆ. ತೆಲುಗಿನಲ್ಲಿ ಪೊನ್ನಗಂಟಿ, ತಮಿಳಿನಲ್ಲಿ ಪೊನ್ನಾಂಗಣ್ಣಿ, ಸಿಂಹಳದಲ್ಲಿ ಮುಕುನುವೆನ್ನ ಎಂದು ಇದರ ಹೆಸರು. ಆಯುರ್ವೇದದಲ್ಲಿ ಮತ್ಸ್ಯಾಕ್ಷಿ ಎಂಬ ಹೆಸರಿನಿಂದ ಇದನ್ನು ಗುರುತಿಸುವುದುಂಟು. ಸಸ್ಯಶಾಸ್ತ್ರದಲ್ಲಿ ಇದು ಆಲ್ಟರ್‌ನ್ಯಾಂಥೆರಾ ಸೆಸಿಲಿಸ್. ದಂಟು, ಹರಿವೆ, ಕೀರೆ ಸೊಪ್ಪುಗಳು ಸೇರಿರುವ ಕುಟುಂಬಕ್ಕೇ ಇದೂ ಸೇರಿದೆ. ‘ಸೆಸಿಲಿಸ್’ ಎಂದರೆ ತೊಟ್ಟಿಲ್ಲದ್ದು ಎಂದು ಅರ್ಥ. ಹೂವಿಗೆ ತೊಟ್ಟಿಲ್ಲದಿರುವುದೇ ಈ ಗಿಡದ ಮುಖ್ಯ ಗುರುತು. ಈ ಮಾತು ಮುಂದೆ ಉಪಯೋಗಕ್ಕೆ ಬರುತ್ತದೆ.

ಇದು ನೆಲದ ಮೇಲೆ ಹಬ್ಬಿ, ತುದಿಯಲ್ಲಿ ತಲೆ ಎತ್ತಿ ಬೆಳೆಯುವ ಸಸ್ಯ. ಎಲೆಗಳು ಗೆಣ್ಣಿಗೆ ಎರಡರಂತೆ ಎದುರುಬದುರಾಗಿರುತ್ತವೆ. ಎಲೆಯ ಅಳತೆ ಒಂದೇ ಸಮನಾಗಿರುವುದಿಲ್ಲ. ಒಣ ಜಾಗದಲ್ಲಿ ಒಂದೆರಡು ಸೆಂಟಿಮೀಟರ್ ಉದ್ದದ ಸಣ್ಣ ಎಲೆಗಳು ಬಂದರೆ, ನೀರಿನ ಆಸರೆಯಲ್ಲಿ 7-8 ಸೆಂಟಿಮೀಟರ್‌ವರೆಗಿನ ನೀಳ ಎಲೆಗಳು ಬರುತ್ತವೆ. ಕಾಂಡದ ಬಣ್ಣವೂ ಹಸಿರಿನಿಂದ ನಸುಗೆಂಪಿನವರೆಗೆ ಬದಲಾಗುತ್ತದೆ. ಎಲೆಯ ಕಂಕುಳಲ್ಲಿ ಬೆಳ್ಳಗೆ ಹೊಳೆಯುವ ಸಣ್ಣ ಹೂಚೆಂಡುಗಳು ಕಾಂಡಕ್ಕೆ ಅಂಟಿಕೊಂಡಂತೆ ಕೂಡುತ್ತವೆ. ಗದ್ದೆ ಬದು, ಕಾಲುವೆ ದಂಡೆ, ಕೆರೆಯ ಅಂಚು, ತೆಂಗು ಅಡಿಕೆ ತೋಟದ ತೇವದ ನೆಲ, ಬಚ್ಚಲ ನೀರು ಹರಿಯುವ ಜಾಗ, ಇವೆಲ್ಲ ಇದರ ನೆಲೆಗಳು.

ಆಹಾರವಾಗಿ ಹೊನಗೊನ್ನೆ

ಬಡವರ ಊಟದಲ್ಲಿ ಸುಣ್ಣದ ಅಂಶ ಮತ್ತು ‘ಎ’ ಜೀವಸತ್ವ ಕಡಿಮೆಯಾಗುವುದು ಸಾಮಾನ್ಯ. ಈ ಎರಡು ಕೊರತೆಗಳನ್ನೂ ತುಂಬುವ ಶಕ್ತಿ ಹೊನಗೊನ್ನೆಗೆ ಇದೆ. 100 ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 5 ಗ್ರಾಂ ಸಸಾರಜನಕ ಮತ್ತು ಸುಮಾರು 500 ಮಿಲಿಗ್ರಾಂ ಸುಣ್ಣದ ಅಂಶ ಇರುತ್ತದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಣ್ಣದ ಅಂಶ ಸುಮಾರು 120 ಮಿಲಿಗ್ರಾಂ ಮಾತ್ರ. ಕಣ್ಣಿಗೆ ಒಳ್ಳೆಯದೆಂದು ಹಿರಿಯರು ಈ ಸೊಪ್ಪನ್ನು ಹೇಳುತ್ತಿದ್ದುದಕ್ಕೂ ಆಧಾರವಿದೆ. ಇದರಲ್ಲಿರುವ ಕ್ಯಾರೊಟಿನ್ ದೇಹದಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಡುತ್ತದೆ.

ಆದರೆ ಲೆಕ್ಕದಲ್ಲಿ ಕಂಡಷ್ಟು ಸುಣ್ಣ ದೇಹಕ್ಕೆ ದಕ್ಕುವುದಿಲ್ಲ. ದಂಟಿನ ಕುಟುಂಬದ ಇತರ ಸೊಪ್ಪುಗಳಂತೆ ಇದರಲ್ಲಿಯೂ ಆಕ್ಸಲೇಟ್ ಎಂಬ ವಸ್ತು ಇದೆ. ಅದು ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೀಗಾಗಿ ಹಾಲಿಗೆ ಬದಲು ಸೊಪ್ಪು ಸಾಕು ಎಂದುಕೊಳ್ಳಬಾರದು. ಮೂತ್ರಕೋಶದಲ್ಲಿ ಕಲ್ಲಿನ ತೊಂದರೆ ಇರುವವರು ವೈದ್ಯರನ್ನು ಕೇಳಿ ಮಿತವಾಗಿ ಬಳಸಬೇಕು. ಆಕ್ಸಲೇಟಿನ ಒಂದು ಭಾಗ ಬೇಯಿಸಿದ ನೀರಿಗೆ ಇಳಿಯುವುದರಿಂದ ಅಂಥವರು ಸೊಪ್ಪು ಬಸಿದ ನೀರನ್ನು ಚೆಲ್ಲುವುದು ಉತ್ತಮ. ಉಳಿದವರು ಬೇಳೆ ಕಾಳುಗಳ ಜೊತೆಗೆ ಬಸ್ಸಾರು, ಮಸ್ಸೊಪ್ಪು, ಪಲ್ಯ ಮಾಡಿ ನಿರ್ಭಯವಾಗಿ ಊಟ ಮಾಡಬಹುದು. ಒಗ್ಗರಣೆಗೆ ಸ್ವಲ್ಪ ಎಣ್ಣೆ ಇದ್ದರೆ ಕ್ಯಾರೊಟಿನ್ ಚೆನ್ನಾಗಿ ದಕ್ಕುತ್ತದೆ.

ಹರಡುವ ಬಗೆ

ಹೊನಗೊನ್ನೆ ಎರಡು ದಾರಿಯಲ್ಲಿ ಹರಡುತ್ತದೆ. ಒಂದು ಬೀಜದಿಂದ. ಹೂಚೆಂಡಿನ ಪ್ರತಿ ಹೂವಿನಲ್ಲಿ ಒಂದೊಂದು ಚಪ್ಪಟೆಯಾದ ಸಣ್ಣ ಕಾಯಿ, ಅದರೊಳಗೆ ಒಂದು ಬೀಜ. ಗಾಳಿ, ಮಳೆನೀರು, ದನದ ಕಾಲಿನ ಕೆಸರು, ನೇಗಿಲು, ಇವುಗಳ ಜೊತೆಯಲ್ಲಿ ಬೀಜ ಸಾಗುತ್ತದೆ. ಇನ್ನೊಂದು ಕಾಂಡದಿಂದ. ನೆಲ ಮುಟ್ಟಿದ ಪ್ರತಿ ಗೆಣ್ಣಿನಲ್ಲಿ ಬೇರು ಒಡೆಯುತ್ತದೆ. ಒಂದು ಗಿಡವನ್ನು ಕುಡುಗೋಲಿನಿಂದ ಹತ್ತು ತುಂಡು ಮಾಡಿ ತೇವದಲ್ಲಿ ಬಿಟ್ಟರೆ ಹತ್ತು ಗಿಡಗಳಾಗಲು ತಡವಿಲ್ಲ.

ಮಡಿಯಲ್ಲಿ ಬೆಳೆಯುವವನಿಗೆ ಅನುಕೂಲವಾದ ಗುಣಗಳೇ ಗದ್ದೆಯಲ್ಲಿ ತೊಂದರೆ ಕೊಡುತ್ತವೆ. ಕೊಯ್ದಷ್ಟೂ ಚಿಗುರುವುದು, ನೀರು ನಿಂತರೂ ಸಾಯದಿರುವುದು, ನೀರು ಬತ್ತಿದರೂ ಬದುಕುವುದು, ವರ್ಷವಿಡೀ ಹೂ ಬಿಡುವುದು, ಸೊಪ್ಪಿಗೆ ಇವು ಸದ್ಗುಣಗಳು. ಕಳೆಗೂ ಇವೇ ಬಲ.

ಬೇರೆ ದೇಶಗಳು ಇದನ್ನು ನೋಡುವ ಬಗೆಯೂ ಬೇರೆಯೇ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಾವು ಉಣ್ಣುವ ಇದೇ ಹೊನಗೊನ್ನೆ ಕೇಂದ್ರ ಸರ್ಕಾರದ ಹಾನಿಕರ ಕಳೆಗಳ ಪಟ್ಟಿಯಲ್ಲಿದೆ. ಪರವಾನಗಿ ಇಲ್ಲದೆ ಅದನ್ನು ದೇಶದೊಳಗೆ ತರುವಂತಿಲ್ಲ. ಅಲ್ಲಿರುವ ಮಕ್ಕಳ ಮನೆಗೆ ಹೋಗುವ ತಂದೆತಾಯಂದಿರು ಊರಿನ ಸೊಪ್ಪೆಂದು ಕಡ್ಡಿಯನ್ನಾಗಲಿ ಬೀಜವನ್ನಾಗಲಿ ಗಂಟಿನಲ್ಲಿ ಕಟ್ಟಿಕೊಂಡು ಹೋಗಬಾರದು.

ಭತ್ತದ ಗದ್ದೆಯಲ್ಲಿ ಹತೋಟಿ

ನಾಟಿ ಭತ್ತದಲ್ಲಿ ಗರುಗ, ಜೊಂಡು, ಹುಲ್ಲು ಕಳೆಗಳ ಜೊತೆಗೆ ಹೊನಗೊನ್ನೆಯೂ ಕಾಣಿಸಿಕೊಳ್ಳುತ್ತದೆ. ಕೂರಿಗೆ ಬಿತ್ತನೆಯ ಭತ್ತದಲ್ಲಿ ಮತ್ತು ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಭತ್ತದಲ್ಲಿ ಇದರ ಉಪಟಳ ಇನ್ನೂ ಹೆಚ್ಚು. ನಿಂತ ನೀರಿನ ತಡೆ ಅಲ್ಲಿ ಇಲ್ಲದಿರುವುದೇ ಇದಕ್ಕೆ ಕಾರಣ. ನಾಟಿ ಗದ್ದೆಯಲ್ಲಿ ಈ ಕೆಳಗಿನ ಕ್ರಮಗಳನ್ನು ಅನುಸರಿಸಬೇಕು.

1. ಕೆಸರು ಮಾಡುವ ಕೆಲಸವನ್ನು ಎರಡು ಸಲ ಮಾಡಿ, ನಡುವೆ 8-10 ದಿನ ಬಿಡಬೇಕು. ಈ ಅವಧಿಯಲ್ಲಿ ಮೊಳೆತ ಸಸಿಗಳು ಎರಡನೆಯ ಉಳುಮೆಯಲ್ಲಿ ಕೆಸರಿನೊಳಗೆ ಸೇರಿ ಕೊಳೆಯುತ್ತವೆ.

2. ಗದ್ದೆಯನ್ನು ಚೆನ್ನಾಗಿ ಮಟ್ಟ ಮಾಡಬೇಕು. ನೀರಿನಿಂದ ಮೇಲೆ ಉಳಿದ ದಿಣ್ಣೆಗಳಲ್ಲಿ ಕಳೆಯ ಬೀಜ ಮೊದಲು ಮೊಳೆಯುತ್ತದೆ.

3. ನಾಟಿಯ ನಂತರದ ಮೊದಲ ವಾರಗಳಲ್ಲಿ 2-5 ಸೆಂಟಿಮೀಟರ್ ನೀರನ್ನು ಕಾಪಾಡಿದರೆ ಬೀಜದಿಂದ ಹುಟ್ಟುವ ಸಸಿಗಳು ಕಡಿಮೆಯಾಗುತ್ತವೆ.

4. ನಾಟಿಯಾದ 20 ಮತ್ತು 40ನೆಯ ದಿನಗಳಲ್ಲಿ ಕೈಯಿಂದ ಅಥವಾ ಕೋನೋ ವೀಡರ್‌ನಿಂದ ಕಳೆ ತೆಗೆಯಬೇಕು. ಹೂವಾಗುವ ಮುನ್ನ ಬೇರು ಸಹಿತ ಕೀಳುವುದು ಮುಖ್ಯ.

5. ಕಿತ್ತ ಕಳೆಯನ್ನು ಬದುವಿನ ಮೇಲೆ ಎಸೆಯುವ ರೂಢಿಯನ್ನು ಬಿಡಬೇಕು. ಬದುವಿನ ತೇವದಲ್ಲಿ ಅದು ಮತ್ತೆ ಬೇರೂರಿ ಮುಂದಿನ ಬೆಳೆಗೆ ಬೀಜ ಒದಗಿಸುತ್ತದೆ. ಒಣ ನೆಲದಲ್ಲಿ ತೆಳುವಾಗಿ ಹರಡಿ ಗರಿಗರಿಯಾಗಿ ಒಣಗಿಸಿದ ಮೇಲೆ ತಿಪ್ಪೆಗೆ ಹಾಕಬಹುದು.

6. ಆಳಿನ ಅಭಾವವಿದ್ದಲ್ಲಿ ಬೆನ್‌ಸಲ್ಫ್ಯುರಾನ್ ಮೀಥೈಲ್ ಶೇ. 0.6 ಮತ್ತು ಪ್ರೆಟಿಲಾಕ್ಲೋರ್ ಶೇ. 6 ಸೇರಿರುವ ಹರಳು ಕಳೆನಾಶಕವನ್ನು ಎಕರೆಗೆ 4 ಕಿಲೋಗ್ರಾಂನಂತೆ, ನಾಟಿಯಾದ 3 ದಿನಗಳೊಳಗೆ, ಮರಳಿನೊಂದಿಗೆ ಬೆರೆಸಿ, ತೆಳುವಾಗಿ ನೀರಿರುವ ಗದ್ದೆಯಲ್ಲಿ ಎರಚಬಹುದು. ಇದು ಬೀಜದಿಂದ ಮೊಳೆಯುವ ಕಳೆಯನ್ನು ತಡೆಯುತ್ತದೆ. ಕಾಂಡದ ತುಂಡಿನಿಂದ ಚಿಗುರಿದ ಗಿಡಗಳನ್ನು ಕೈಯಿಂದಲೇ ತೆಗೆಯಬೇಕಾಗುತ್ತದೆ.

ಕಳೆನಾಶಕ ಬಳಸಿದ ಗದ್ದೆಯಿಂದ ಅಥವಾ ಅದರ ಬದುವಿನಿಂದ ಸೊಪ್ಪನ್ನು ಕೊಯ್ಯಕೂಡದು. ಕಳೆ ಕೀಳಲು ಬಂದ ಆಳುಗಳಿಗೆ ಈ ವಿಷಯವನ್ನು ಬಾಯಿಬಿಟ್ಟು ಹೇಳುವುದು ಜಮೀನಿನವರ ಕರ್ತವ್ಯ. ಅವರು ಕೇಳುವುದಿಲ್ಲ, ಹಸಿರಾಗಿ ಕಂಡದ್ದನ್ನು ಮನೆಗೆ ಒಯ್ಯುತ್ತಾರೆ.

ಹೊನಗೊನ್ನೆಯನ್ನು ಹೋಲುವ ಅಲಿಗೇಟರ್ ಕಳೆ

ಹೊನಗೊನ್ನೆ ಕಳೆಯಾದರೂ ಕೈಗೆ ಮಣಿಯುವಂಥದು. ಅದರ ಸಂಬಂಧಿಯಾದ ಅಲಿಗೇಟರ್ ಕಳೆ ಹಾಗಲ್ಲ. ಇದರ ಶಾಸ್ತ್ರೀಯ ಹೆಸರು ಆಲ್ಟರ್‌ನ್ಯಾಂಥೆರಾ ಫಿಲೋಕ್ಸಿರಾಯ್ಡಿಸ್. ತವರು ದಕ್ಷಿಣ ಅಮೆರಿಕ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕಂಡುಬಂದಿತು. ಆಸ್ಟ್ರೇಲಿಯದ ನ್ಯೂಕ್ಯಾಸಲ್ ಬಂದರಿನ ಬಳಿ 1946ರಲ್ಲಿ ದಾಖಲಾಯಿತು. ಹಡಗುಗಳು ತೂಕಕ್ಕಾಗಿ ತುಂಬಿಕೊಂಡು ಬಂದ ಮಣ್ಣಿನೊಂದಿಗೆ ಅದು ಅಲ್ಲಿಗೆ ಬಂದಿತೆಂದು ಭಾವಿಸಲಾಗಿದೆ. ಭಾರತದ ಕೆರೆಗಳಲ್ಲಿ ಇದು ಇರುವ ವಿಷಯ 1965ರಲ್ಲಿ ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಮೊದಲಾದ ಕೆರೆಗಳಲ್ಲಿ ಹಯಸಿಂತ್ ಜಲಕಳೆಯ ಜೊತೆಗೆ ಇದೂ ದಾಖಲಾಗಿದೆ.

ಉಪಯೋಗಕ್ಕೆಂದು ತಂದ ಸಸ್ಯ ಹೇಗೆ ಕೈಮೀರುತ್ತದೆ ಎಂಬುದಕ್ಕೆ ಚೀನಾದಲ್ಲಿ ನಡೆದದ್ದೇ ಸಾಕ್ಷಿ. ಅಲ್ಲಿಗೆ ಅಲಿಗೇಟರ್ ಕಳೆಯನ್ನು 1930ರ ದಶಕದಲ್ಲಿ ಕುದುರೆಗಳ ಮೇವಿಗಾಗಿ ತರಲಾಯಿತು. 1950ರ ದಶಕದಿಂದ ಮುಂದೆ ಹಂದಿಗಳ ಮೇವಿಗೆಂದು ಊರೂರಿನಲ್ಲಿ ನೆಡಲಾಯಿತು. ಬೇಗ ಬೆಳೆಯುತ್ತದೆ, ಖರ್ಚಿಲ್ಲ ಎಂಬುದೇ ಅದರ ಹೆಗ್ಗಳಿಕೆಯಾಗಿತ್ತು. ಕ್ರಮೇಣ ಅದು ಕಾಲುವೆಗಳನ್ನು ಮುಚ್ಚಿ ಭತ್ತ, ತರಕಾರಿ ಹೊಲಗಳಿಗೆ ನುಗ್ಗಿತು. 2003ರಲ್ಲಿ ಚೀನಾ ಪ್ರಕಟಿಸಿದ ಆಕ್ರಮಣಕಾರಿ ಪರಕೀಯ ಜೀವಿಗಳ ಮೊದಲ ಪಟ್ಟಿಯಲ್ಲಿ ಈ ಮೇವಿನ ಸಸ್ಯವೂ ಸೇರಿತು.

ಈ ಕಳೆಯ ಬಲ ಅದರ ಗೆಣ್ಣಿನಲ್ಲಿದೆ. ತವರಿನಿಂದ ಹೊರಗೆ ಇದು ಸಾಮಾನ್ಯವಾಗಿ ಮೊಳೆಯುವ ಬೀಜವನ್ನು ಕಟ್ಟುವುದಿಲ್ಲ. ಒಂದು ಗೆಣ್ಣಿರುವ ತುಂಡು ಸಾಕು, ಹೊಸ ಗಿಡವಾಗುತ್ತದೆ. ನೀರಿನಲ್ಲಿ ಇದರ ಕಾಂಡ ಟೊಳ್ಳಾಗಿ ತೇಲುತ್ತದೆ. ದಂಡೆಯಲ್ಲಿ ಬೇರು ಬಿಟ್ಟು ನೀರಿನ ಮೇಲೆ ಚಾಪೆಯಂತೆ ಹಾಸಿಕೊಳ್ಳುತ್ತದೆ. ಚಾಪೆಯ ಕೆಳಗೆ ಬೆಳಕು ಇಳಿಯುವುದಿಲ್ಲ, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಕುತ್ತು ಬರುತ್ತದೆ, ಸೊಳ್ಳೆಗೆ ಆಶ್ರಯ ಸಿಗುತ್ತದೆ. ಒಣ ನೆಲದಲ್ಲಿ ಇದರ ರೀತಿ ಬೇರೆ. ಅಲ್ಲಿ ನೆಲದೊಳಗೆ ದಪ್ಪನಾದ ಬೇರುಗಳನ್ನು ಆಳಕ್ಕೆ ಇಳಿಸುತ್ತದೆ. ಮೇಲಿನ ಹಸಿರನ್ನು ಹೆರೆದರೂ ಸುಟ್ಟರೂ ಕೆಳಗಿನಿಂದ ಮತ್ತೆ ಚಿಗುರುತ್ತದೆ.

ಇದನ್ನು ತಿನ್ನುವ ಜೀರುಂಡೆಯೊಂದನ್ನು ದಕ್ಷಿಣ ಅಮೆರಿಕದಿಂದ ತಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1964ರಲ್ಲಿ, ಆಸ್ಟ್ರೇಲಿಯದಲ್ಲಿ 1977ರಲ್ಲಿ ಬಿಡಲಾಯಿತು. ಚಳಿ ಹೆಚ್ಚಿಲ್ಲದ ಕಡೆ ನೀರಿನ ಮೇಲಿನ ಚಾಪೆಯನ್ನು ಅದು ಚೆನ್ನಾಗಿ ಹತೋಟಿಗೆ ತಂದಿತು. ನೆಲದ ಮೇಲೆ ಬೆಳೆದ ಗಿಡವನ್ನು ಮಾತ್ರ ಗೆಲ್ಲಲಾಗಲಿಲ್ಲ. ಆದುದರಿಂದ ಈ ಕಳೆ ಹೊಲಕ್ಕೆ ಬರದಂತೆ ನೋಡಿಕೊಳ್ಳುವುದೇ ಸುಲಭದ ಉಪಾಯ.

ಎರಡನ್ನೂ ಗುರುತಿಸುವುದು ಹೇಗೆ?

ಎಲೆಯನ್ನು ನೋಡಿ ತೀರ್ಮಾನಿಸುವುದು ತಪ್ಪಾಗಬಹುದು. ಎರಡರಲ್ಲಿಯೂ ಎಲೆಗಳು ಎದುರುಬದುರು, ಎರಡರ ಎಲೆಯೂ ನೀಳ, ಎರಡರ ಹೂವೂ ಬಿಳಿ. ಅಲಿಗೇಟರ್ ಕಳೆಯ ಕಾಂಡ ಟೊಳ್ಳು ಎಂದು ಹೇಳುವುದುಂಟು. ಅದೂ ಪೂರ್ಣ ನಂಬಿಕೆಗೆ ತಕ್ಕ ಗುರುತಲ್ಲ. ನೀರಿನಲ್ಲಿ ತೇಲುವ ಹೊನಗೊನ್ನೆಯ ಕಾಂಡವೂ ಟೊಳ್ಳಾಗುತ್ತದೆ, ಒಣ ನೆಲದ ಅಲಿಗೇಟರ್ ಕಳೆಯ ಕಾಂಡ ಸಣ್ಣಗೆ ಗಟ್ಟಿಯಾಗಿರಬಹುದು. ನಂಬಬೇಕಾದದ್ದು ಹೂವನ್ನು.

ಹೊನಗೊನ್ನೆಯಲ್ಲಿ ಹೂಚೆಂಡಿಗೆ ತೊಟ್ಟು ಇಲ್ಲ. ಎಲೆಯ ಬುಡದಲ್ಲಿ ಕಾಂಡಕ್ಕೆ ಅಂಟಿಕೊಂಡಿರುತ್ತದೆ. ಒಂದೇ ಕಂಕುಳಲ್ಲಿ ಎರಡು ಮೂರು ಚೆಂಡುಗಳು ಒತ್ತಾಗಿರಬಹುದು. ಒಂದೊಂದೂ ಸುಮಾರು ಜೋಳದ ಕಾಳಿನ ಗಾತ್ರ.

ಅಲಿಗೇಟರ್ ಕಳೆಯಲ್ಲಿ ಹೂಚೆಂಡು ಉದ್ದನೆಯ ತೊಟ್ಟಿನ ತುದಿಯಲ್ಲಿ ನಿಲ್ಲುತ್ತದೆ. ತೊಟ್ಟು ಸಾಮಾನ್ಯವಾಗಿ ಒಂದು ಸೆಂಟಿಮೀಟರಿಗಿಂತ ಉದ್ದವಾಗಿದ್ದು, ಹಲವು ಸೆಂಟಿಮೀಟರ್‌ಗಳವರೆಗೂ ಬೆಳೆಯುತ್ತದೆ. ಚೆಂಡು ಒಂದರಿಂದ ಒಂದೂವರೆ ಸೆಂಟಿಮೀಟರ್ ಅಗಲ, ಮುಟ್ಟಿದರೆ ಕಾಗದದಂತೆ ಸರಬರ ಎನ್ನುತ್ತದೆ.

‘ತೊಟ್ಟಿದ್ದರೆ ಬಿಟ್ಟುಬಿಡು’ ಎಂದು ನೆನಪಿಟ್ಟುಕೊಂಡರೆ ಸಾಕು. ಹೂವಿಲ್ಲದ ಕಡ್ಡಿ ಕೈಗೆ ಬಂದು ಅನುಮಾನವಿದ್ದರೆ ಅದನ್ನು ಮಡಿಗೆ ಅಥವಾ ಬದುವಿಗೆ ನೆಡಬಾರದು. ಅಡಿಯಲ್ಲಿ ತಟ್ಟೆ ಇಟ್ಟ ಒಂದು ಕುಂಡದಲ್ಲಿ ನೆಟ್ಟು, ಚಿವುಟದೆ ಹೂವಾಗುವವರೆಗೆ ಕಾಯಬೇಕು. ಹೂ ಕಾಣದಿದ್ದರೆ ನೆಲಕ್ಕೆ ಇಳಿಸಬಾರದು.

ಇದೇ ಕುಲದ ಇನ್ನೊಂದು ಜಾತಿ, ಆಲ್ಟರ್‌ನ್ಯಾಂಥೆರಾ ಪಂಜೆನ್ಸ್, ಒಣ ದಾರಿಬದಿಗಳಲ್ಲಿ ನೆಲಕ್ಕೆ ಒತ್ತಿಕೊಂಡು ಬೆಳೆಯುತ್ತದೆ. ಅದರ ಹೂಚೆಂಡೂ ತೊಟ್ಟಿಲ್ಲದ್ದೇ, ಆದರೆ ಬರಿಗಾಲಿಗೆ ಮುಳ್ಳಿನಂತೆ ಚುಚ್ಚುತ್ತದೆ. ಚುಚ್ಚುವ ಚೆಂಡಿರುವ ಗಿಡ ಸೊಪ್ಪಿನ ಹೊನಗೊನ್ನೆ ಅಲ್ಲ.

ಆಸ್ಟ್ರೇಲಿಯದ ಹಿತ್ತಲುಗಳಲ್ಲಿ ನಡೆದದ್ದು

ಈ ಎರಡು ಗಿಡಗಳ ಹೋಲಿಕೆಯಿಂದ ಆಗುವ ತಪ್ಪು ಊಹೆಯದಲ್ಲ. ಶ್ರೀಲಂಕಾದಿಂದ ಆಸ್ಟ್ರೇಲಿಯಕ್ಕೆ ಹೋಗಿ ನೆಲೆಸಿದ ಕುಟುಂಬಗಳು ತಮ್ಮ ಹಿತ್ತಲುಗಳಲ್ಲಿ ಮುಕುನುವೆನ್ನ ಎಂದು ನಂಬಿ ಒಂದು ಸೊಪ್ಪನ್ನು ಬೆಳೆಸಿಕೊಂಡಿದ್ದರು. ಕಡ್ಡಿಗಳನ್ನು ಬಂಧುಬಳಗಕ್ಕೆ ಹಂಚುತ್ತಿದ್ದರು. 1990ರ ದಶಕದಲ್ಲಿ ಅಧಿಕಾರಿಗಳು ಪರೀಕ್ಷಿಸಿದಾಗ ಅದು ಅಲಿಗೇಟರ್ ಕಳೆ ಎಂದು ತಿಳಿಯಿತು. ಯಾವ ಕಳೆಯನ್ನು ನದಿಗಳಿಂದ ದೂರವಿಡಲು ಸರ್ಕಾರ ಶ್ರಮಿಸುತ್ತಿತ್ತೋ ಅದನ್ನೇ ಜನ ನೀರೆರೆದು ಸಾಕಿದ್ದರು.

ಅಲ್ಲಿ ಅನುಸರಿಸಿದ ಕ್ರಮವನ್ನು ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕು. ವಿಕ್ಟೋರಿಯ ರಾಜ್ಯದಲ್ಲಿ ಹಿತ್ತಲಿನ ಗಿಡಗಳನ್ನು ಕಿತ್ತುಹಾಕಿ ಸುಮ್ಮನಾಗಲಿಲ್ಲ. ಅದೇ ಕುಲದ, ಆ ನೆಲದಲ್ಲಿಯೇ ಸಹಜವಾಗಿ ಬೆಳೆಯುವ ಆಲ್ಟರ್‌ನ್ಯಾಂಥೆರಾ ಡೆಂಟಿಕ್ಯುಲೇಟ ಎಂಬ ಸೊಪ್ಪನ್ನು ಬದಲಿಯಾಗಿ ಒದಗಿಸಿದರು. ಜನರ ಊಟದಿಂದ ಒಂದು ಸೊಪ್ಪನ್ನು ತೆಗೆಯಬೇಕಾದರೆ ಇನ್ನೊಂದನ್ನು ಕೈಗೆ ಕೊಡಬೇಕು. ಬರಿಯ ನಿಷೇಧವನ್ನು ಯಾರೂ ಪಾಲಿಸುವುದಿಲ್ಲ. ನಮ್ಮಲ್ಲಿ ಬದಲಿಯನ್ನು ಹುಡುಕಬೇಕಾಗಿಯೇ ಇಲ್ಲ. ನಿಜವಾದ ಹೊನಗೊನ್ನೆ ಮನೆಯ ಬಾಗಿಲಲ್ಲಿಯೇ ಇದೆ.

ಕೊಳಚೆ ಕೆರೆಯ ಸೊಪ್ಪು

ಅಲಿಗೇಟರ್ ಕಳೆಯ ಎಳೆಯ ಕುಡಿಗಳನ್ನು ಬೇಯಿಸಿ ತಿನ್ನುವ ಜನ ಇದ್ದಾರೆ. ತಿಂದ ಕೂಡಲೇ ವಿಷವಾಗುವ ಗಿಡ ಇದಲ್ಲ. ಅಪಾಯ ಇರುವುದು ಅದು ಬೆಳೆಯುವ ನೀರಿನಲ್ಲಿ. ಈ ವಿಷಯದಲ್ಲಿ ಹೊನಗೊನ್ನೆಯೂ ಬೇರೆಯಲ್ಲ.

ಎರಡು ಗಿಡಗಳಿಗೂ ನೀರು ಮತ್ತು ಕೆಸರಿನಲ್ಲಿರುವ ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ ಮುಂತಾದ ಭಾರಲೋಹಗಳನ್ನು ಹೀರಿಕೊಳ್ಳುವ ಶಕ್ತಿ ಇದೆ. ಲೋಹಲೇಪನ, ಬ್ಯಾಟರಿ, ಬಣ್ಣ ಹಾಕುವ ಕಾರ್ಖಾನೆಗಳ ತ್ಯಾಜ್ಯ ಸೇರುವ ಕೆರೆಗಳಲ್ಲಿ ಇಂಥ ಲೋಹಗಳು ಕೆಸರಿನಲ್ಲಿ ಸಂಗ್ರಹವಾಗುತ್ತವೆ. ಗಿಡ ಅವುಗಳನ್ನು ಬೇರಿನಿಂದ ಹೀರಿ ಕಾಂಡ ಎಲೆಗಳಿಗೆ ಸಾಗಿಸುತ್ತದೆ. ಎಲೆಯ ಮೇಲೆ ಕುಳಿತ ಧೂಳನ್ನು ತೊಳೆಯಬಹುದು. ಎಲೆಯ ಒಳಗೆ ಸೇರಿದ ಲೋಹವನ್ನು ಉಪ್ಪುನೀರಿನಲ್ಲಿ ತೊಳೆದರೂ ಹೋಗುವುದಿಲ್ಲ, ಬೇಯಿಸಿದರೂ ನಾಶವಾಗುವುದಿಲ್ಲ. ದೇಹಕ್ಕೆ ಸೇರಿದ ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ, ಕ್ಯಾಡ್ಮಿಯಂ ಮೂತ್ರಪಿಂಡಗಳಿಗೆ ಹಾನಿ ಮಾಡುತ್ತವೆ. ಒಂದು ದಿನದ ಊಟದಿಂದ ಏನೂ ಕಾಣುವುದಿಲ್ಲ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಸೇರುವುದರಿಂದಲೇ ಇದು ಗಮನಕ್ಕೆ ಬಾರದೆ ಉಳಿಯುತ್ತದೆ.

ಕೊಳಚೆ ಕೆರೆಯ ಸೊಪ್ಪು ಹೆಚ್ಚು ಹಸಿರಾಗಿ, ಕೊಬ್ಬಿದಂತೆ ಕಾಣುತ್ತದೆ. ಚರಂಡಿ ನೀರಿನ ಸಾರಜನಕವೇ ಇದಕ್ಕೆ ಕಾರಣ. ಸಂತೆಯಲ್ಲಿ ಚೆನ್ನಾಗಿ ಕಂಡ ಕಟ್ಟನ್ನೇ ಆರಿಸುವುದು ಕೊಳ್ಳುವವರ ಸ್ವಭಾವ. ಕೆರೆಯಂಗಳದಲ್ಲಿ ಸೊಪ್ಪು ಕೊಯ್ದು ಮಾರುವವರಿಗೆ ಅದು ದಿನದ ಕೂಲಿ. ಕೆರೆಯಂಗಳದ ಹಸಿರನ್ನು ಹಸುಗಳಿಗೆ ಮೇವಾಗಿ ಕೊಯ್ದು ತರುವವರೂ ಇದ್ದಾರೆ. ಅವರನ್ನು ದೂರುವುದರಿಂದ ಪ್ರಯೋಜನವಿಲ್ಲ. ಮೇವಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಅಲಿಗೇಟರ್ ಕಳೆ ತುಂಬಿದ ಹುಲ್ಲುಗಾವಲಿನಲ್ಲಿ ಮೇಯ್ದ ಹಾಲಿನ ಹಸುಗಳ ಚರ್ಮಕ್ಕೆ ಬಿಸಿಲು ತಾಗಿ ಹುಣ್ಣಾದ ಪ್ರಕರಣಗಳು ಆಸ್ಟ್ರೇಲಿಯದಲ್ಲಿ ವರದಿಯಾಗಿವೆ. ಬಿಳಿ ಚರ್ಮದ ಭಾಗಗಳಿಗೆ ಇದರ ಬಾಧೆ ಹೆಚ್ಚು.

ಮನೆಯ ಮಡಿಯಲ್ಲಿ ಬೆಳೆಯುವ ಕ್ರಮ

ಕೆರೆಯಂಗಳಕ್ಕೆ ಹೋಗದೆ ಒಂದು ಕುಟುಂಬಕ್ಕೆ ಬೇಕಾದ ಹೊನಗೊನ್ನೆಯನ್ನು ಹಿತ್ತಲಿನಲ್ಲಿಯೇ ಬೆಳೆದುಕೊಳ್ಳಬಹುದು. ಒಂದು ಮೀಟರ್ ಅಗಲ, ಎರಡು ಮೂರು ಮೀಟರ್ ಉದ್ದದ ಮಡಿ ಸಾಕು.

ನೆಡುವುದು: ತೊಟ್ಟಿಲ್ಲದ ಹೂವಿನಿಂದ ಗುರುತಿಸಿದ ಗಿಡದಿಂದ 10-15 ಸೆಂಟಿಮೀಟರ್ ಉದ್ದದ, ಮೂರು ನಾಲ್ಕು ಗೆಣ್ಣುಗಳಿರುವ ಕಡ್ಡಿಗಳನ್ನು ಆರಿಸಬೇಕು. ಮಡಿಗೆ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಸುಮಾರು 15 ಸೆಂಟಿಮೀಟರ್ ಅಂತರದಲ್ಲಿ ಎರಡು ಗೆಣ್ಣು ಮಣ್ಣಿನೊಳಗೆ ಇರುವಂತೆ ನೆಡಬೇಕು.

ನೀರು: ಬಾವಿ ಅಥವಾ ಕೊಳವೆ ಬಾವಿಯ ನೀರನ್ನು ಮಣ್ಣು ತೇವವಾಗಿರುವಷ್ಟು ಕೊಟ್ಟರೆ ಸಾಕು. ಪಾತ್ರೆ ತೊಳೆದ ಸೋಪಿನ ನೀರು, ಚರಂಡಿ ನೀರು ಬೇಡ.

ಕಟಾವು: ಸುಮಾರು ಒಂದೂವರೆ ತಿಂಗಳಲ್ಲಿ ಮೊದಲ ಕೊಯ್ಲು ಬರುತ್ತದೆ. ನೆಲದಿಂದ ನಾಲ್ಕೈದು ಸೆಂಟಿಮೀಟರ್ ಬಿಟ್ಟು ಕತ್ತರಿಸಬೇಕು. ಅನಂತರ ಮೂರು ನಾಲ್ಕು ವಾರಗಳಿಗೊಮ್ಮೆ ಕೊಯ್ಯಬಹುದು. ಹೂವಾಗುವ ಮುನ್ನ ಕೊಯ್ದರೆ ಸೊಪ್ಪು ಮೃದುವಾಗಿರುತ್ತದೆ, ಬೀಜವೂ ಹರಡುವುದಿಲ್ಲ. ಊಟಕ್ಕೂ ಹತೋಟಿಗೂ ಒಂದೇ ಕೆಲಸ ಸಾಕಾಗುತ್ತದೆ.

ಗಡಿ: ಮಡಿಯ ಸುತ್ತ ಕಲ್ಲು ಚಪ್ಪಡಿ ಅಥವಾ ಹೆಂಚುಗಳನ್ನು ನೆಲದೊಳಗೆ ನಿಲ್ಲಿಸಿ, ಹೊರಗೆ ಎರಡು ಅಡಿ ಜಾಗವನ್ನು ಗುಡಿಸಿ ಬರಿದಾಗಿ ಇಡಬೇಕು. ಹೊರಗೆ ಚಾಚಿದ ಬಳ್ಳಿಯನ್ನು ವಾರಕ್ಕೊಮ್ಮೆ ಕತ್ತರಿಸಬೇಕು. ಕಾಲುವೆಯ ಪಕ್ಕದಲ್ಲಿ ಮಡಿ ಮಾಡಬಾರದು. ಸ್ಥಳವಿಲ್ಲದವರು ಹಳೆಯ ಬಕೆಟ್ಟಿನಲ್ಲಿಯೂ ಬೆಳೆಯಬಹುದು.

ಅಲಿಗೇಟರ್ ಕಳೆ ಕಂಡರೆ ಮಾಡಬೇಕಾದ್ದು

ನಮ್ಮ ಕೆರೆಗಳು ಒಂದಕ್ಕೊಂದು ಸರಪಳಿಯಂತೆ ಸೇರಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ಅದರ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಬೆಳ್ಳಂದೂರಿನ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಸೇರುವುದು ಇದಕ್ಕೊಂದು ನಿದರ್ಶನ. ಮಳೆಗಾಲದಲ್ಲಿ ಹರಿದುಬಂದ ಒಂದು ಗೆಣ್ಣು ಹತ್ತಾರು ಮೈಲಿ ದೂರದ ಕೆರೆಯಲ್ಲಿ ಬೇರು ಬಿಡಬಹುದು. ಆದುದರಿಂದ ಕಳೆ ಚಿಕ್ಕ ಗುಂಪಾಗಿರುವಾಗಲೇ ಕೆಲಸ ಮಾಡಬೇಕು.

ಹೊಲ ಅಥವಾ ಕಾಲುವೆಯಲ್ಲಿ ಸಣ್ಣ ಗುಂಪು ಕಂಡರೆ ಸುತ್ತಲೂ ಅಗೆದು, ಬೇರಿನ ತುಂಡು ಉಳಿಯದಂತೆ ಮಣ್ಣು ಜಾಲಿಸಿ ತೆಗೆಯಬೇಕು. ಕಾಲುವೆಯಲ್ಲಿ ತೆಗೆಯುವಾಗ ಕೆಳಗಡೆ ಬಲೆ ಅಡ್ಡ ಕಟ್ಟಿದರೆ ತುಂಡುಗಳು ಹರಿದು ಹೋಗುವುದಿಲ್ಲ. ತೆಗೆದದ್ದನ್ನು ಗೋಣಿಚೀಲದಲ್ಲಿ ತುಂಬಿ ಸಾಗಿಸಿ, ನೀರಿನಿಂದ ದೂರದ ಬಂಡೆ ಅಥವಾ ಕಣದ ಮೇಲೆ ಪೂರ್ಣ ಒಣಗಿಸಿ ಸುಡಬೇಕು. ಹಸಿಯಾಗಿ ತಿಪ್ಪೆಗೆ ಹಾಕಬಾರದು. ಎರಡು ವಾರಕ್ಕೊಮ್ಮೆ ಅದೇ ಜಾಗಕ್ಕೆ ಹೋಗಿ ಹೊಸ ಚಿಗುರನ್ನು ತೆಗೆಯಬೇಕು. ಒಮ್ಮೆ ತೆಗೆದು ಮರೆತರೆ ಮಾಡಿದ ಕೆಲಸ ವ್ಯರ್ಥವಾಗುತ್ತದೆ.

ಈ ಕಳೆ ಇರುವ ಜಾಗದಲ್ಲಿ ರೋಟವೇಟರ್ ಓಡಿಸುವುದು ದೊಡ್ಡ ತಪ್ಪು. ಒಂದು ಗಿಡವನ್ನು ನೂರು ತುಂಡು ಮಾಡಿ ಹೊಲವಿಡೀ ನೆಟ್ಟಂತಾಗುತ್ತದೆ. ಕೆರೆ ನೀರಿಗೆ ಕಳೆನಾಶಕ ಹಾಕುವುದೂ ಸಲ್ಲದು. ದನಕರು, ಮೀನು, ಜನ ಎಲ್ಲರೂ ಆ ನೀರನ್ನು ಬಳಸುತ್ತಾರೆ.

ಇನ್ನು ಕೆರೆಯ ಗೋಡು. ಬೇಸಿಗೆಯಲ್ಲಿ ಕೆರೆಯ ಗೋಡು ಮಣ್ಣನ್ನು ಹೊಲಕ್ಕೆ ಹೊಡೆಯುವುದು ನಮ್ಮ ರೈತರ ಹಳೆಯ, ಒಳ್ಳೆಯ ಪದ್ಧತಿ. ಅದನ್ನು ಬಿಡಬೇಕಾಗಿಲ್ಲ. ಆದರೆ ಮಣ್ಣು ತುಂಬುವ ಮುನ್ನ ಆ ಜಾಗದಲ್ಲಿ ಈ ಕಳೆ ಇತ್ತೇ ಎಂದು ನೋಡಬೇಕು. ಇದ್ದರೆ ಅಲ್ಲಿಯ ಗೋಡನ್ನು ಬಿಟ್ಟು ಬೇರೆ ಕಡೆಯ ಗೋಡನ್ನು ತೆಗೆಯಬೇಕು. ಕಾರ್ಖಾನೆಯ ನೀರು ಸೇರುವ ಕೆರೆಯಾದರೆ ಗೋಡನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸದೆ ಬಳಸಬಾರದು. ಕೆರೆಯಲ್ಲಿ ಕೆಲಸ ಮಾಡಿದ ಟ್ರ್ಯಾಕ್ಟರ್, ಜೆಸಿಬಿ ಯಂತ್ರಗಳ ಚಕ್ರ ಮತ್ತು ಬಕೆಟ್ಟನ್ನು ಅಲ್ಲಿಯೇ ತೊಳೆದು ಹೊರಡಿಸಬೇಕು.

ಕಾರ್ಯಕರ್ತರಿಗೆ ಸೂಚನೆ

ವಿಸ್ತರಣಾ ಕಾರ್ಯಕರ್ತರು ಹೂಬಿಟ್ಟ ಎರಡೂ ಗಿಡಗಳನ್ನು ಕಾಗದದ ನಡುವೆ ಒತ್ತಿ ಒಣಗಿಸಿ ಒಂದೇ ರಟ್ಟಿಗೆ ಅಂಟಿಸಿಕೊಂಡರೆ ಹಳ್ಳಿಗಳಲ್ಲಿ ತೋರಿಸಲು ಅನುಕೂಲ. ಹಸಿ ಗಿಡವನ್ನು ಊರಿಂದೂರಿಗೆ ಒಯ್ಯಬಾರದು. ಸೊಪ್ಪಿನ ವಿಷಯ ಹೆಚ್ಚು ತಿಳಿದವರು ಹೆಂಗಸರು. ಆದುದರಿಂದ ಈ ಪಾಠವನ್ನು ಗಂಡಸರ ಸಭೆಗೆ ಮಾತ್ರ ಸೀಮಿತಗೊಳಿಸದೆ ಸ್ತ್ರೀಶಕ್ತಿ ಸಂಘಗಳಿಗೆ, ಅಂಗನವಾಡಿಗಳಿಗೆ, ಶಾಲೆಗಳಿಗೆ ತಲುಪಿಸಬೇಕು. ಕೆರೆಯಂಗಳದಲ್ಲಿ ಸೊಪ್ಪು ಕೊಯ್ದು ಜೀವನ ನಡೆಸುವವರಿಗೆ ಶುದ್ಧ ನೀರಿನ ಒಂದೆರಡು ಗುಂಟೆಯಲ್ಲಿ ಹೊನಗೊನ್ನೆ, ದಂಟು, ಮೆಂತ್ಯ ಬೆಳೆಯುವ ದಾರಿಯನ್ನು ತೋರಿಸಿದರೆ ಅವರ ಕೂಲಿಯೂ ಉಳಿಯುತ್ತದೆ, ತಿನ್ನುವವರ ಆರೋಗ್ಯವೂ ಉಳಿಯುತ್ತದೆ. ಗುರುತಿನ ವಿಷಯದಲ್ಲಿ ಅನುಮಾನ ಬಂದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ಹೂವಿರುವ ಒಣ ಮಾದರಿಯನ್ನು ತೋರಿಸಬಹುದು.

ಹೊನಗೊನ್ನೆಯನ್ನು ಊಟದಿಂದ ದೂರ ಮಾಡುವ ಕಾರಣ ಯಾವುದೂ ಇಲ್ಲ. ಗಡಿ ಹಾಕಿದ ಮಡಿಯಲ್ಲಿ, ಒಳ್ಳೆಯ ನೀರಿನಲ್ಲಿ, ಹೂವು ನೋಡಿ ಗುರುತಿಸಿ ಬೆಳೆದ ಹೊನಗೊನ್ನೆ ಖರ್ಚಿಲ್ಲದೆ ದೊರೆಯುವ ಪುಷ್ಟಿ. ಗದ್ದೆಯಲ್ಲಿ ಅದನ್ನು ಹೂವಾಗುವ ಮುನ್ನ ಕೀಳಬೇಕು. ತೊಟ್ಟಿರುವ ಹೂವಿನ ಅದರ ಸಂಬಂಧಿಯನ್ನು ಮನೆಗೂ ತರಬಾರದು, ಹೊಲಕ್ಕೂ ಬಿಡಬಾರದು. ಮುಂದಿನ ಸಲ ಬದುವಿನಲ್ಲಿ ಸೊಪ್ಪಿಗೆ ಕೈ ಹಾಕುವಾಗ ಎಲೆಯ ಬುಡವನ್ನು ಒಮ್ಮೆ ನೋಡುವ ಅಭ್ಯಾಸವನ್ನು ಪ್ರತಿ ಮನೆಯವರೂ ಮಾಡಿಕೊಳ್ಳಬೇಕು.